ಗೆರೆ ಎಳೆದ್ರು, ಗ್ರೌಂಡ್ ಕೊಟ್ರಾ?

(ಎಂಟು ಭಾಗದ ಸರಣಿ. ಉದ್ದ ಅದ. ಸೇವ್ ಮಾಡಿಟ್ಟುಕೊಂಡು ಬಸ್ಸಿನಾಗ ಕೂತಾಗ ಓದ್ರಿ.)

ಭಾಗ 1 | ಒಂದೇ ಜಿಲ್ಲೆಯ ಮೂರು ಹುಡುಗರು

ದೋಸ್ತರೇ, ಮೊದಲು ಒಂದು ಕೆಲಸ ಮಾಡ್ರಿ. 1956ರ ಅಕ್ಟೋಬರ್ 31ರ ರಾತ್ರಿಗೆ ಹೋಗಿ ಮೂವರು ಹುಡುಗರನ್ನ ಕಣ್ಣ ಮುಂದೆ ತಂದುಕೊಳ್ರಿ. ಒಬ್ಬ ಔರಾದ ಕಡೆಯವನು, ಒಬ್ಬ ಉದಗೀರದವನು, ಒಬ್ಬ ನಾರಾಯಣಖೇಡದವನು. ಮೂವರದೂ ಒಂದೇ ಜಿಲ್ಲೆ, ಬೀದರ್. ಒಂದೇ ರಾಜ್ಯ, ಹೈದರಾಬಾದ್. ಬೆಳಗಾಗಿ ನವೆಂಬರ್ 1 ಬಂತು. ಔರಾದದವನು ಮೈಸೂರು ರಾಜ್ಯದವನಾದ. ಉದಗೀರದವನು ಮುಂಬಯಿ ರಾಜ್ಯಕ್ಕೆ ಹೋದ. ನಾರಾಯಣಖೇಡದವನು ಆಂಧ್ರಪ್ರದೇಶಕ್ಕೆ ಸೇರಿದ. ಮೂವರೂ ಮಲಗಿದ ಜಾಗ ಬಿಟ್ಟು ಕದಲಿರಲಿಲ್ಲ. ಗೆರೆ ಕದಲಿತ್ತು.

ಇದನ್ನ ನಾನ್ಯಾಕ ಬರೀಲತ್ತೀನಿ ಅಂದ್ರ, ನಮ್ಮ ಕ್ಲಾಸಿನ ಒಬ್ಬ ದೋಸ್ತನ ಸಲುವಾಗಿ. ಹೆಸರು ಹಾಕಬೇಡ ಅಂದಾನ. ಔರಾದ ಕಡೆಯ ಹಳ್ಳಿಯವನು, ಎಡಗೈ ಸ್ಪಿನ್ನರ್. ಎರಡು ವರ್ಷದ ಹಿಂದೆ ಒಂದು ಆಯ್ಕೆ ಟ್ರಯಲ್ಸ್‌ಗೆ ಹೊಂಟ. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಔರಾದ, ಅಲ್ಲಿಂದ ಬೀದರ್, ಅಲ್ಲಿಂದ ಮತ್ತೊಂದು ಊರು. ಮುಟ್ಟುವಷ್ಟರಲ್ಲಿ ಹೆಸರು ಬರೆದುಕೊಳ್ಳೋದು ಮುಗಿದಿತ್ತು. ಒಂದು ಚೆಂಡೂ ಎಸೆಯದೆ ವಾಪಸ್ ಬಂದ.

ಯಾರೂ ಅವನಿಗೆ ಬೇಕಂತ ಮೋಸ ಮಾಡಲಿಲ್ಲ. ಟೈಮ್ ಎಲ್ಲರಿಗೂ ಒಂದೇ ಇತ್ತು. ನನ್ನ ತಲಿ ಕೆಡಿಸಿದ್ದು ಅದೇ ಮಾತು. ಎಲ್ಲರಿಗೂ ಒಂದೇ ಟೈಮ್ ಇಟ್ಟರೆ ಎಲ್ಲರಿಗೂ ಒಂದೇ ನ್ಯಾಯ ಸಿಕ್ಕಂಗಾ?

ಭಾಗ 2 | ಅದೇ ನವೆಂಬರ್, ಮೆಲ್ಬರ್ನ್

ನಮ್ಮ ಗೆರೆ ಕದಲಿ ಮೂರು ವಾರ ಆಗಿತ್ತು. 1956ರ ನವೆಂಬರ್ 22ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಲಿಂಪಿಕ್ಸ್ ಶುರುವಾಯಿತು. ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಕೊನೆಗೆ ಭಾರತಕ್ಕೆ ನಾಲ್ಕನೇ ಸ್ಥಾನ. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಇವತ್ತಿಗೂ ನಮ್ಮ ಅತಿ ದೊಡ್ಡ ಸಾಧನೆ ಅದೇ.

ಆ ತಂಡದ ಕೋಚ್ ಯಾರು ಗೊತ್ತಾ? ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ತಂಡದಲ್ಲಿ ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಸೇರಿ ಆ ಕಡೆಯ ಹಲವು ಹುಡುಗರಿದ್ದರು. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಬೆಂಗಳೂರು ಸುಮಾರು 700. ಆಟದ ಲೆಕ್ಕದಲ್ಲಿ ನೋಡಿದರೆ, ಅವತ್ತಿನ ದೇಶದ ಅತಿ ಒಳ್ಳೆ ಫುಟ್‌ಬಾಲ್ ಕೇಂದ್ರಗಳಲ್ಲಿ ಒಂದು ನಮ್ಮ ಮಗ್ಗುಲಲ್ಲೇ ಇತ್ತು, ಆದರೆ ಗೆರೆಯ ಆಚೆ.

ಕ್ರಿಕೆಟ್ಟಿನಲ್ಲೂ ಹಂಗೇ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮೈಸೂರು ಮತ್ತು ಮದ್ರಾಸ್, 1934ರಲ್ಲಿ. ಆದರೆ ಕಪ್ಪು ಮೊದಲು ಗೆದ್ದದ್ದು ಹೈದರಾಬಾದ್, 1937-38ರಲ್ಲಿ. ಕರ್ನಾಟಕಕ್ಕೆ ಕಪ್ಪು ಸಿಕ್ಕಿದ್ದು 1973-74ರಲ್ಲಿ.

ತಪ್ಪು ತಿಳೀಬ್ಯಾಡ್ರಿ. ಏಕೀಕರಣ ಆಗಬಾರದಿತ್ತು ಅಂತ ನಾನು ಹೇಳ್ತಿಲ್ಲ. ಈ ಪೋಸ್ಟ್ ನಾನು ಕನ್ನಡದಾಗ ಬರೀಲತ್ತೀನಿ, ನೀವು ಕನ್ನಡದಾಗ ಓದಲತ್ತೀರಿ ಅಂದ್ರ ಅದಕ್ಕೆ ದುಡಿದವರ ಪುಣ್ಯ. ನಾನು ಹೇಳೋದು ಇಷ್ಟೇ: ಭಾಷೆಗೆ ಸರಿಯಾದ ಗೆರೆ ಆಟಕ್ಕೂ ತಾನಾಗೇ ಸರಿ ಆಗೋದಿಲ್ಲ. ಆಟಕ್ಕೆ ಬೇರೆ ಕೆಲಸ ಮಾಡಬೇಕು.

ಭಾಗ 3 | ಆಸ್ಟ್ರೇಲಿಯಾದವರು ಎಳೆದ ಗೆರೆ

ಮೆಲ್ಬರ್ನ್ ಮಾತು ಬಂತಲ್ಲ, ಸ್ವಲ್ಪ ಅಲ್ಲೇ ಕೂಡೋಣ. ಆ ಒಲಿಂಪಿಕ್ಸ್‌ನಲ್ಲಿ ಪದಕ ಇಲ್ಲದೆ, ಬರೀ ತೋರಿಸಲಿಕ್ಕೆ ಅಂತ ಒಂದು ಆಟ ಆಡಿದರು. ಹೆಸರು ಆಸ್ಟ್ರೇಲಿಯನ್ ಫುಟ್‌ಬಾಲ್. ಉದ್ದನೆಯ ಚೆಂಡು, ದುಂಡನೆಯ ದೊಡ್ಡ ಮೈದಾನ, ಒಂದೊಂದು ಕಡೆ 18 ಮಂದಿ. ಅಲ್ಲಿಯವರಿಗೆ ಅದು ನಮ್ಮ ಕ್ರಿಕೆಟ್ ಇದ್ದಂಗ.

ಆ ಆಟದ ದೊಡ್ಡ ಲೀಗ್ ವಿಕ್ಟೋರಿಯಾ ರಾಜ್ಯದ್ದು, 12 ಕ್ಲಬ್ಬು. ಹಳ್ಳಿ ಕಡೆಯ ಒಳ್ಳೆ ಆಟಗಾರರನ್ನ ದುಡ್ಡಿದ್ದ ಕ್ಲಬ್ಬು ಎಳೆದುಕೊಂಡು ಹೋಗೋದನ್ನ ತಪ್ಪಿಸಲು 1960ರ ದಶಕದ ಕೊನೆಗೆ ಒಂದು ಉಪಾಯ ಮಾಡಿದರು. ಇಡೀ ಗ್ರಾಮಾಂತರ ಪ್ರದೇಶವನ್ನ ತುಂಡು ಮಾಡಿ ಒಂದೊಂದು ಕ್ಲಬ್ಬಿಗೆ ಒಂದೊಂದು ವಲಯ ಹಂಚಿದರು. ಈ ವಲಯದ ಹುಡುಗ ಈ ಕ್ಲಬ್ಬಿಗೇ ಆಡಬೇಕು, ಬೇರೆ ಕಡೆ ಹೋಗಂಗಿಲ್ಲ.

ಕಾಗದದ ಮ್ಯಾಲೆ ಎಷ್ಟು ಚಂದ ಅಲ್ಲಾ? 12 ಕ್ಲಬ್ಬು, 12 ವಲಯ, ಲೆಕ್ಕ ಸರಿ. ಆದರೆ ನೆಲ ಕಾಗದದಂಗ ಇರೋದಿಲ್ಲ. ಹಾಥಾರ್ನ್ ಕ್ಲಬ್ಬಿಗೆ ಮಾರ್ನಿಂಗ್ಟನ್ ಪರ್ಯಾಯ ದ್ವೀಪದ ಕಡೆಯ ವಲಯ ಸಿಕ್ಕಿತು. ಮೆಲ್ಬರ್ನ್ ನಗರ ಬೆಳೀತಾ ಬೆಳೀತಾ ಆ ಕಡೆಗೇ ಚಾಚಿತು. ಮನೆ ಹೆಚ್ಚಾದವು, ಮಕ್ಕಳು ಹೆಚ್ಚಾದರು, ಆಟಗಾರರೂ ಹೆಚ್ಚಾದರು. ಅದಕ್ಕೂ ಮೊದಲು ಒಂದೇ ಒಂದು ಸಲ, 1961ರಲ್ಲಿ, ಕಪ್ಪು ಗೆದ್ದಿದ್ದ ಹಾಥಾರ್ನ್ 1971, 1976, 1978, 1983, 1986ರಲ್ಲಿ ಗೆದ್ದಿತು. ಇನ್ನೊಂದು ಕಡೆ 1955ರಿಂದ 1964ರೊಳಗೆ ಆರು ಕಪ್ಪು ಗೆದ್ದಿದ್ದ ಮೆಲ್ಬರ್ನ್ ಕ್ಲಬ್ಬಿಗೆ ಮುಂದಿನ ಕಪ್ಪು ಸಿಕ್ಕಿದ್ದು 2021ರಲ್ಲಿ. ಎಲ್ಲಕ್ಕೂ ವಲಯವೊಂದೇ ಕಾರಣ ಅಲ್ಲ, ಕೋಚು, ದುಡ್ಡು, ನಸೀಬು ಎಲ್ಲಾ ಇರ್ತಾವ. ಆದರೂ ವಲಯದ ಪಾತ್ರ ಸಣ್ಣದಲ್ಲ.

ಮತ್ತೆ ಹುಡುಗನ ಕಡೆಯಿಂದ ನೋಡ್ರಿ. ಅವನು ಯಾವ ಕ್ಲಬ್ಬಿಗೆ ಆಡಬೇಕು ಅನ್ನೋದನ್ನ ಅವನು ಹುಟ್ಟಿದ ಮನೆ ತೀರ್ಮಾನ ಮಾಡಿತ್ತು. ಕ್ಲಬ್ಬಿಗೆ ಹಕ್ಕು ಸಿಕ್ಕಿತ್ತು. ಆ ಹಕ್ಕಿಗೆ ಬದಲಾಗಿ ಹುಡುಗನಿಗೆ ಏನು ಸಿಗಬೇಕು ಅಂತ ಗೆರೆ ಹೇಳಲಿಲ್ಲ.

ಭಾಗ 4 | ಗೆರೆಯ ಹಕ್ಕು, ದುಡಿಮೆಯ ಹಕ್ಕು

1986ರಲ್ಲಿ ಅವರು ದಾರಿ ಬದಲಿಸಿದರು. ಡ್ರಾಫ್ಟ್ ಬಂತು. ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗಿರೋ ಕ್ಲಬ್ಬಿಗೆ ಹೊಸ ಆಟಗಾರರನ್ನ ಮೊದಲು ಆರಿಸೋ ಅವಕಾಶ. ಬಲಹೀನರಿಗೆ ಮೊದಲ ತುತ್ತು ಅಂದಂಗ.

ಆದರೆ ಇನ್ನೊಂದು ಸಮಸ್ಯೆ ಇತ್ತು. ಸಿಡ್ನಿ, ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಕಡೆ ಜನಕ್ಕೆ ರಗ್ಬಿ ಹುಚ್ಚು. ಅಲ್ಲಿ ಈ ಆಟ ಆಡೋ ಮಕ್ಕಳೇ ಕಮ್ಮಿ. ಅದಕ್ಕೆ 2010ರಿಂದ ಆ ಉತ್ತರದ ಕ್ಲಬ್ಬುಗಳಿಗೆ ಅಕಾಡೆಮಿ ನಡೆಸೋ ಅವಕಾಶ ಕೊಟ್ಟರು. ಸಣ್ಣ ಮಕ್ಕಳನ್ನ ಹುಡುಕು, ಕೋಚ್ ಕೊಡು, ವರ್ಷಗಟ್ಟಲೆ ಬೆಳೆಸು. ಬೆಳೆಸಿದ ಹುಡುಗನ ಮ್ಯಾಲೆ ನಿನಗೆ ಮೊದಲ ಹಕ್ಕು.

2014ರಲ್ಲಿ ಸಿಡ್ನಿ ತನ್ನ ಅಕಾಡೆಮಿಯ ಐಸಾಕ್ ಹೀನಿಯನ್ನ 18ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ಅಷ್ಟು ಒಳ್ಳೆ ಆಟಗಾರ ಇಷ್ಟು ಅಗ್ಗಕ್ಕಾ ಅಂತ ಉಳಿದ ಕ್ಲಬ್ಬುಗಳು ಗಲಾಟೆ ಎಬ್ಬಿಸಿದವು. 2015ರಲ್ಲಿ ಪಾಯಿಂಟ್ ಲೆಕ್ಕ ತಂದರು. ಬೇರೆ ಕ್ಲಬ್ಬು ನಿನ್ನ ಹುಡುಗನಿಗೆ ಎಷ್ಟು ಬೆಲೆ ಕಟ್ಟುತ್ತೋ, ಸ್ವಲ್ಪ ರಿಯಾಯಿತಿ ಬಿಟ್ಟು ಅಷ್ಟು ನೀನು ಕೊಡಬೇಕು. ಜಗಳ ಇನ್ನೂ ಮುಗಿದಿಲ್ಲ. 2023ರಲ್ಲಿ ಗೋಲ್ಡ್ ಕೋಸ್ಟ್ ತನ್ನ ಅಕಾಡೆಮಿಯ ನಾಲ್ವರನ್ನ ಮೊದಲ ಸುತ್ತಿನಲ್ಲೇ ತೆಗೆದುಕೊಂಡಾಗ ಮತ್ತೆ ಅದೇ ಕೂಗು.

ಯಾರು ಸರಿ? ಇದು ನಮಗೆ ಬೇಡ. ನಮಗೆ ಬೇಕಾದ್ದು ಒಂದು ವ್ಯತ್ಯಾಸ. ಹಳೇ ವಲಯದ ಹಕ್ಕು ನಕ್ಷೆಯಿಂದ ಬಂದದ್ದು. ಅಕಾಡೆಮಿಯ ಹಕ್ಕು ಖರ್ಚು ಮಾಡಿ, ಬೆವರು ಸುರಿಸಿ ಬಂದದ್ದು. ಬಿತ್ತದವನು ಬೆಳೆ ಕೇಳೋದು ಬೇರೆ, ಬಿತ್ತಿದವನು ಕೇಳೋದು ಬೇರೆ. ಈ ಮಾತು ನೆನಪಿಟ್ಟುಕೊಂಡು ಊರಿಗೆ ವಾಪಸ್ ಬರ್ರಿ.

ಭಾಗ 5 | ನಾವು ಯಾವ ವಲಯ?

ಕರ್ನಾಟಕದ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಮೈಸೂರು ಹೆಸರಿನಲ್ಲಿ. ರಾಜ್ಯದ ಹೆಸರು 1973ರಲ್ಲಿ ಬದಲಾದ ಮೇಲೆ ಅದೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಆಯಿತು. ಬೆಂಗಳೂರು ಬಿಟ್ಟು ಉಳಿದ ರಾಜ್ಯವನ್ನ ಅದು ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ಮಂಗಳೂರು, ರಾಯಚೂರು ಅಂತ ವಲಯ ಮಾಡಿದೆ. ಬೀದರ್, ಭಾಲ್ಕಿ, ಔರಾದ, ನಾವೆಲ್ಲಾ ರಾಯಚೂರು ವಲಯ.

ವಲಯ ಇರೋದು ಒಳ್ಳೇದೇ. ಇಲ್ಲದಿದ್ದರೆ ಎಲ್ಲಾ ಬೆಂಗಳೂರಿನ ಕ್ಲಬ್ಬುಗಳಲ್ಲೇ ಮುಗಿದುಹೋಗ್ತಿತ್ತು. ಆದರೆ ನಮ್ಮ ವಲಯದ ಉದ್ದ ನೋಡ್ರಿ. ಬೀದರ್‌ನಿಂದ ರಾಯಚೂರಿಗೆ 250 ಕಿಲೋಮೀಟರ್ ಮೀರ್ತದ. ಅಂದ್ರ ನಮ್ಮ ವಲಯದ ಹೆಸರಿನ ಊರಿಗಿಂತ ಹೈದರಾಬಾದೇ ಹತ್ತಿರ. ಔರಾದದವನಿಗೆ ಬೀದರ್ ತಲುಪಲಿಕ್ಕೇ ಮೊದಲು 40 ಕಿಲೋಮೀಟರ್ ಬೇಕು.

ರೈಲಿನ ಕಥೆ ಇನ್ನೂ ಮಜಾ ಅದ. ನಿಜಾಮರ ಕಾಲದ ವಿಕಾರಾಬಾದ್-ಪರಳಿ ಲೈನ್ ಬೀದರ್, ಭಾಲ್ಕಿ, ಉದಗೀರ ಮೂರನ್ನೂ ಪೋಣಿಸಿತ್ತು. ಗೆರೆ ಎಳೆದ ಮೇಲೂ ರೈಲು ಹಂಗೇ ಓಡಿತು, ಈಗಲೂ ಓಡ್ತದ. ಆದರೆ ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ನೇರ ರೈಲು ಮಾರ್ಗ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್ 29ಕ್ಕೆ. ಗೆರೆ ಬಂದದ್ದು 1956, ಹಳಿ ಬಂದದ್ದು 2017. ನಡುವೆ 61 ವರ್ಷ. ಆ 61 ವರ್ಷದಲ್ಲಿ ಎಷ್ಟು ಎಡಗೈ ಸ್ಪಿನ್ನರ್‌ಗಳು ಬಸ್‌ಸ್ಟ್ಯಾಂಡಿನಲ್ಲೇ ಮುಗಿದುಹೋದರೋ, ಲೆಕ್ಕ ಇಟ್ಟವರಿಲ್ಲ.

ದಾಟಿ ಹೋದವರು ಇಲ್ಲಾ ಅಂತಲ್ಲ. ಗದಗದ ಸುನಿಲ್ ಜೋಶಿ ಹುಡುಗನಿದ್ದಾಗ ಪ್ರಾಕ್ಟೀಸಿಗೆ ಅಂತ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆ ಹೊತ್ತಿಗೆ ವಾಪಸ್ ಬರ್ತಿದ್ದರು. ನಮ್ಮದೇ ವಲಯದ ರಾಯಚೂರಿನಲ್ಲಿ ಹುಟ್ಟಿದ ಯರೇ ಗೌಡ ಕರ್ನಾಟಕಕ್ಕೆ ಆಡಿದರು, ಆಮೇಲೆ ರೈಲ್ವೇಸ್ ತಂಡಕ್ಕೆ ಹೋದರು, ಅಲ್ಲಿ ರಣಜಿ ಗೆದ್ದ ತಂಡದಲ್ಲಿದ್ದರು, ಮುಂದೆ ತಿರುಗಿ ಬಂದು ಕರ್ನಾಟಕದ ನಾಯಕರೂ ಆದರು. ಇಂಥವರ ಕಥೆ ಹೇಳಿ "ಮನಸ್ಸಿದ್ದರೆ ಮಾರ್ಗ" ಅಂತ ಭಾಷಣ ಮಾಡೋರು ಬಹಳ. ನನಗೆ ಆ ಕಥೆಯಿಂದ ಹೊಳೆಯೋದು ಬೇರೆ. ಜೋಶಿಯವರಿಗೆ ಮನಸ್ಸೂ ಇತ್ತು, ಬೆಳಿಗ್ಗೆ ಹೋಗಿ ಬರಲಿಕ್ಕೆ ಆಗುವಷ್ಟು ಹತ್ತಿರ ಹುಬ್ಬಳ್ಳಿಯೂ ಇತ್ತು.

ಭಾಗ 6 | ಹೆಸರು ನಮ್ಮದು, ಆಟ ಎಲ್ಲಿ?

2022ರ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಶುರುವಾಯಿತು. ಆರು ತಂಡ, ಅದರಲ್ಲಿ ಒಂದು ಗುಲ್ಬರ್ಗ ಮಿಸ್ಟಿಕ್ಸ್. ಮೊದಲ ವರ್ಷವೇ ಕಪ್ಪು ಯಾರದು? ನಮ್ಮದೇ! ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ಅನ್ನ ಸೋಲಿಸಿದರು. ನಾನೂ ಸ್ಟೋರಿ ಹಾಕಿದ್ದೆ, ನಿಮ್ಮಲ್ಲೂ ಬಹಳ ಮಂದಿ ಹಾಕಿದ್ದಿರಿ.

ಮರುದಿನ ಕೂತು ಯೋಚಿಸಿದೆ. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ನಾಯಕ ಮನೀಶ್ ಪಾಂಡೆ, ತಂಡದ ದೊಡ್ಡ ಹೆಸರು ದೇವದತ್ ಪಡಿಕ್ಕಲ್. ಇಬ್ಬರೂ ದೊಡ್ಡ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಇಬ್ಬರೂ ಬೆಳೆದದ್ದು ಬೆಂಗಳೂರಿನ ಕ್ರಿಕೆಟ್‌ನಲ್ಲಿ. ಅಂದ್ರ ಕಲಬುರಗಿ ಗೆದ್ದಿತ್ತು, ಕಲಬುರಗಿಯಲ್ಲಿ ಯಾರೂ ಒಂದು ಚೆಂಡು ನೋಡಿರಲಿಲ್ಲ.

ಈ ಟೂರ್ನಿಯಲ್ಲಿ ಪ್ರತಿ ತಂಡದಲ್ಲೂ ತಮ್ಮ ಪ್ರದೇಶದ ಕೆಲವು ಹುಡುಗರು ಇರಲೇಬೇಕು ಅನ್ನೋ ನಿಯಮ ಇದೆ. ಒಳ್ಳೆ ನಿಯಮ, ಅದರಿಂದ ಬಾಗಿಲು ತೆರೀತದ. ಆದರೆ ಬಾಗಿಲು ಇರೋದು ದಾರಿಯ ಕೊನೆಗೆ. ದಾರಿ ಶುರುವಾಗೋದು 12-13 ವರ್ಷದ ಹುಡುಗ ಚರ್ಮದ ಚೆಂಡು ಹಿಡಿಯೋ ದಿನ, ಟರ್ಫ್ ಪಿಚ್ ಮೇಲೆ ಕಾಲಿಡೋ ದಿನ, "ಮೊಣಕೈ ಎತ್ತಿ ಹಾಕು" ಅಂತ ಒಬ್ಬರು ಹೇಳೋ ದಿನ. ಅಲ್ಲಿ ಏನೂ ಕೊಡದೆ ಕೊನೆಗೆ ಎರಡು ಕುರ್ಚಿ ಇಟ್ಟರೆ, ಕೂಡಲಿಕ್ಕೆ ಯಾರು ಬರ್ತಾರ?

ಮಿಸ್ಟಿಕ್ಸ್ ಗೆಲ್ಲಲಿ, ನಾನು ಇನ್ನೂ ಅದೇ ತಂಡದ ಫ್ಯಾನ್. ಆದರೆ ನಮ್ಮ ಹೆಸರು ಜೆರ್ಸಿ ಮೇಲೆ ಬರೆಸಿಕೊಂಡವರು ನಮ್ಮ ಊರಿಗೆ ಏನೋ ಒಂದು ಬಾಕಿ ಇಟ್ಟುಕೊಂಡಿರ್ತಾರ ಅಂತ ನನ್ನ ನಂಬಿಕೆ.

ಭಾಗ 7 | "ಚೆನ್ನಾಗಿ ಆಡಿದವನು ಆಡಲಿ, ಕೋಟಾ ಯಾಕ?"

ಈ ಕಾಮೆಂಟ್ ಬಂದೇ ಬರ್ತದ, ಅದಕ್ಕ ಈಗಲೇ ಮಾತಾಡೋಣ. ಇದು ಹಗುರ ಪ್ರಶ್ನೆ ಅಲ್ಲ. ರನ್ ಹೊಡೆದವನನ್ನ ಬಿಟ್ಟು ಪಿನ್ ಕೋಡ್ ನೋಡಿ ಆರಿಸಿದರೆ ರನ್ ಹೊಡೆದವನಿಗೆ ಅನ್ಯಾಯ. ಒಪ್ಪಿದೆ.

ನಮ್ಮ ಭಾಗಕ್ಕೆ ಇನ್ನೊಂದು ಕಡೆ ಇದೇ ಪ್ರಶ್ನೆಗೆ ಉತ್ತರ ಸಿಕ್ಕಿದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ ಅಂತ ವರದಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದವು. ದೊಡ್ಡ ಹೋರಾಟದ ನಂತರ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ಅದರಂತೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ. ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಮಂದಿ ಡಾಕ್ಟರ್, ಇಂಜಿನಿಯರ್ ಆಗಿದ್ದು ಈ ಸೀಟಿನಲ್ಲೇ. ಇದರ ಜೊತೆಗೇ ಬೀದರ್‌ನಲ್ಲಿ ಓದಿಸೋ ಸಂಸ್ಥೆಗಳೂ ಬೆಳೆದವು. ಇವತ್ತು ನೀಟ್ ಕೋಚಿಂಗ್‌ಗೆ ಅಂತ ಬೇರೆ ಬೇರೆ ರಾಜ್ಯದ ಮಕ್ಕಳು ಬೀದರ್‌ನ ಶಾಹೀನ್‌ಗೆ ಬರ್ತಾರ. ಸೀಟು ಒಂದು ಕಡೆ, ಕಲಿಸೋರು ಒಂದು ಕಡೆ. ಎರಡೂ ಇದ್ದಾಗಲೇ ಮಕ್ಕಳು ದಾಟಿದ್ದು.

ಇನ್ನೂ ಹಿಂದಕ್ಕೆ ಹೋದರೆ ಭಾಲ್ಕಿ ಅದ. ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡ ಕಲಿಸೋದೇ ಕಷ್ಟ ಇತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಅಜ್ಜಂದಿರ ಬಾಯಲ್ಲಿ ಕೇಳೀವಿ. ಅವರು ಬರೀ ಶಾಲೆ ತೆರೆದು ಸುಮ್ಮನಾಗಲಿಲ್ಲ. ಹಳ್ಳಿ ಮಕ್ಕಳು ಬಂದು ಉಳೀಲಿಕ್ಕೆ ಜಾಗ ಮಾಡಿದರು, ಊಟ ಹಾಕಿದರು. ದಿನಾ ನಡೆದು ಬರಲಾಗದ ಮಗುವಿಗೆ ಶಾಲೆ ಇದ್ದೂ ಇಲ್ಲದಂಗೆ ಅಂತ ಅವರಿಗೆ ಗೊತ್ತಿತ್ತು. ನನ್ನ ಕೇಳಿದರೆ, ನಮ್ಮ ಜಿಲ್ಲೆಯ ಮೊದಲ ಟ್ಯಾಲೆಂಟ್ ಅಕಾಡೆಮಿ ಅದೇ.

ಅಂದಮ್ಯಾಲ ಕೋಟಾನಾ, ಮೆರಿಟ್ಟಾ ಅನ್ನೋ ಜಗಳವೇ ಅರ್ಧ ತಪ್ಪು. ಮೆರಿಟ್ ಅಳೆಯೋ ಮುಂಚೆ ಹುಡುಗ ಅಳತೆಯ ಜಾಗಕ್ಕೆ ಬಂದು ಮುಟ್ಟಬೇಕು. ಇಲ್ಲಾಂದ್ರ ಅಳೆಯೋರು ಹುಡುಗನ ಕಡೆ ಬರಬೇಕು. ಎರಡನೇದು ಆಗದ ಮಾತೇನಲ್ಲ. ಭಾರತೀಯ ಕ್ರಿಕೆಟ್ ಮಂಡಳಿ 2002ರ ಸುಮಾರಿಗೆ ಸಣ್ಣ ಊರುಗಳಿಗೆ ಹುಡುಕಾಟಗಾರರನ್ನ ಕಳಿಸಿತ್ತು. ಅವರಲ್ಲಿ ಒಬ್ಬರಾದ ಪ್ರಕಾಶ್ ಪೊದ್ದಾರ್ ಜಮ್‌ಶೆಡ್‌ಪುರದಲ್ಲಿ ಒಂದು ಪಂದ್ಯ ನೋಡಿ, ಒಬ್ಬ ಹುಡುಗನ ಬಗ್ಗೆ ವರದಿ ಬರೆದರು. ಆ ಹುಡುಗ ಮಹೇಂದ್ರ ಸಿಂಗ್ ಧೋನಿ.

ಭಾಗ 8 | ಮೂರು ಪ್ರಶ್ನೆ

ಇತಿಹಾಸ ಓದಿ ಏನು ಮಾಡೋದು ಅಂತೀರಾ? ಮುಂದಿನ ಸಲ ಯಾರಾದರೂ ನಮ್ಮ ಊರಿನ, ನಮ್ಮ ವಲಯದ ಹೆಸರಿನಲ್ಲಿ ತಂಡ ಮಾಡಿದರೆ, ಅದು ಕ್ರಿಕೆಟ್ ಇರಲಿ, ಕಬಡ್ಡಿ ಇರಲಿ, ಕುಸ್ತಿ ಇರಲಿ, ಈ ಮೂರು ಪ್ರಶ್ನೆ ಕೇಳ್ರಿ.

ಒಂದು: ಆಯ್ಕೆ ಎಲ್ಲಿ ನಡೀತದ, ಎಷ್ಟು ಗಂಟೆಗೆ? ಔರಾದದ ಮೊದಲ ಬಸ್ಸಿಗೆ ಹತ್ತಿದವನು ಆ ಹೊತ್ತಿಗೆ ಮುಟ್ಟತಾನಾ?

ಎರಡು: ಈ ವಲಯದ ಮೇಲೆ ಹಕ್ಕು ಇರೋರು ಇಲ್ಲಿ ಏನು ಬಿತ್ತಿದ್ದಾರ? ಪಿಚ್ಚಾ, ಕೋಚಾ, ಹಾಸ್ಟೆಲ್ಲಾ, ಬರೀ ಬ್ಯಾನರ್ರಾ?

ಮೂರು: ಹುಡುಗೀರಿಗೆ ಏನದ? ಇಷ್ಟುದ್ದ ಬರೆದು ನಾನೂ "ಹುಡುಗ, ಹುಡುಗ" ಅಂತಲೇ ಬರೆದೆ, ಈಗ ತಿರುಗಿ ಓದಿದಾಗ ಗೊತ್ತಾಯ್ತು. ಹುಡುಗನಿಗೆ ಬಸ್ ತಪ್ಪಿದರೆ ಬಸ್‌ಸ್ಟ್ಯಾಂಡಿನಾಗ ಮಲಗಿ ಬರ್ತಾನ. ಅದೇ ಊರಿನ ಹುಡುಗಿಗೆ ಮನೆಯವರು ಆ ಬಸ್ಸೇ ಹತ್ತಿಸೋದಿಲ್ಲ. ದೂರ ಅನ್ನೋದು ಅವರಿಗೆ ಎರಡು ಪಟ್ಟು.

ಆಸ್ಟ್ರೇಲಿಯಾದವರು ಸುಮಾರು 20 ವರ್ಷ ವಲಯ ಇಟ್ಟು ನೋಡಿ ಬಿಟ್ಟರು, ಡ್ರಾಫ್ಟ್ ತಂದರು, ಅಕಾಡೆಮಿ ತಂದರು, ಪಾಯಿಂಟ್ ಲೆಕ್ಕ ತಂದರು. ಅವರದೂ ಸರಿಹೋಗಿಲ್ಲ, ಆದರೆ ಪ್ರತಿ ಸಲ ಯಾರೋ ಕೇಳಿದ್ದಕ್ಕೆ ನಿಯಮ ಬದಲಾಯಿತು. ನಮ್ಮಲ್ಲಿ 1956ರ ಗೆರೆ ಬದಲಾಗೋದು ಬೇಡ. ಆ ಗೆರೆಯ ಒಳಗೆ ನಮಗೆ ಬರಬೇಕಾದ್ದು ಬರಲಿ.

ನಮ್ಮ ಎಡಗೈ ಸ್ಪಿನ್ನರ್ ಈಗ ಜಾತ್ರೆ, ಹಬ್ಬದ ಟೈಮಿಗೆ ಟೆನಿಸ್ ಬಾಲ್ ಟೂರ್ನಮೆಂಟ್ ಆಡ್ತಾನ. ಈ ಪೋಸ್ಟ್ ಹಾಕೋ ಮುಂಚೆ ಅವನಿಗೆ ಓದಿ ತೋರಿಸಿದೆ. ಎಲ್ಲಾ ಕೇಳಿ ಒಂದೇ ಮಾತಂದ: "ಆರಿಸ್ತಿರಲಿಲ್ಲ ಅನ್ನು, ನಡೀತದ. ಒಂದು ಓವರ್ ಹಾಕಿಸಿ ಬ್ಯಾಡ ಅಂದಿದ್ರ ಸಾಕಿತ್ತು."

ನಿಮ್ಮ ತಾಲ್ಲೂಕಿನಲ್ಲಿ ಇಂಥವರು ಯಾರಾದರೂ ಇದ್ದರೆ ಕಾಮೆಂಟ್‌ನಲ್ಲಿ ಊರಿನ ಹೆಸರು, ಆಟದ ಹೆಸರು ಹಾಕ್ರಿ. ಅವರ ಹೆಸರು ಬ್ಯಾಡ. ಊರುಗಳ ಪಟ್ಟಿ ಎಷ್ಟುದ್ದ ಆಗ್ತದ ನೋಡೋಣ.

#ಬೀದರ್ #ಭಾಲ್ಕಿ #ಔರಾದ #ಕಲ್ಯಾಣಕರ್ನಾಟಕ #ನಮ್ಮವಲಯ #ಆಟದಇತಿಹಾಸ